ಬೆಸೆದ ಬೆನ್ನು, ಮುರಿದ ಕೊರಳು

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಎಲ್ಲೂರಿನ ಕಡೆಯ ಅಂಗಳಗಳಲ್ಲಿ ಅಡಕೆಯ ಸೋಗೆ, ತೆಂಗಿನ ಮಡಲುಗಳನ್ನು ಹಾಸುವುದು ಹಳೆಯ ವಾಡಿಕೆ. ಕೆಸರು ಸಿಡಿಯದಿರಲೆಂಬುದು ಒಂದು ಕಾರಣ. ಪಾಚಿಯ ಮೇಲೆ ಕಾಲು ಜಾರದಿರಲೆಂಬುದು ಇನ್ನೊಂದು. ಮಣ್ಣಂಗಳದ ಸ್ಥಾನವನ್ನು ಸಿಮೆಂಟೂ ಬಚ್ಚಲಿನ ಒರಟು ಕಲ್ಲಿನ ಸ್ಥಾನವನ್ನು ನುಣುಪಾದ ಟೈಲ್ಸೂ ಆಕ್ರಮಿಸಿದ ಮೇಲೆ ಸೋಗೆ ಹಾಸುವವರು ಕಡಮೆಯಾದರು. ಜಾರುವವರು ಕಡಮೆಯಾಗಲಿಲ್ಲ.

ಅಂತಹದೊಂದು ಮನೆಯ ಯಜಮಾನರನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ವಯಸ್ಸು ಎಪ್ಪತ್ತರ ಆಚೆ. ಹತ್ತು ವರ್ಷಗಳ ಹಿಂದೆ ಕೈ ಜೋಮು ಹಿಡಿದು, ನಡಿಗೆ ತೊಡರಿ, ಕೊರಳಿನ ಶಸ್ತ್ರಚಿಕಿತ್ಸೆಯಾಗಿದೆ. ಮೂರು ಮಣಿಗಳನ್ನು ಲೋಹದ ಪಟ್ಟಿಯಿಂದ ಬಿಗಿದು ಒಂದಾಗಿಸಿದ್ದಾರೆ. ಒಂದು ಮುಂಜಾನೆ ಬಚ್ಚಲಲ್ಲಿ ಜಾರಿ ಹಣೆ ತೊಟ್ಟಿಯ ಅಂಚಿಗೆ ತಾಗುತ್ತದೆ. ರಕ್ತವಿಲ್ಲ. ಹೆಂಡತಿ ಗಾಬರಿಯಿಂದ ಓಡಿ ಬಂದರೆ, “ಎಂತದೂ ಆಗ್ಲಿಲ್ಲ ಮಾರಾಯ್ತಿ, ಸ್ವಲ್ಪ ಕುತ್ತಿಗೆ ಹಿಡಿದದ್ದು ಅಷ್ಟೆ” ಎನ್ನುತ್ತಾರೆ. ಮಗ ಎತ್ತಿ ಕೂರಿಸಲು ಬರುತ್ತಾನೆ. ನೆರೆಮನೆಯವರು ಬಿಸಿ ಎಣ್ಣೆ ತಿಕ್ಕಲು ಸಿದ್ಧರಾಗುತ್ತಾರೆ. ಪ್ರೀತಿಯಿಂದ ಮಾಡಹೊರಟ ಈ ಎರಡು ಉಪಚಾರಗಳೇ ಆ ಹಿರಿಯರ ಕೈಕಾಲುಗಳನ್ನು ಶಾಶ್ವತವಾಗಿ ಕಸಿದುಕೊಳ್ಳಬಲ್ಲುವು.

ಕಾರಣವೇನೆಂಬುದನ್ನು ಅರಿಯಲು ಕೊರಳಿನ ರಚನೆಯನ್ನು ನೋಡಬೇಕು. ಅಲ್ಲಿರುವ ಮಣಿಗಳು ಏಳು. ತಲೆಯ ಭಾರವನ್ನೂ ಆಕಸ್ಮಿಕ ಪೆಟ್ಟನ್ನೂ ಅವು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಕೆಲವನ್ನು ಬೆಸೆದಾಗ ಆ ಹಂಚಿಕೆ ತಪ್ಪುತ್ತದೆ. ಬೆಸೆದ ಭಾಗ ಏತದ ಮರದಂತೆ ಒಂದೇ ಉದ್ದನೆಯ ಕೋಲಾಗುತ್ತದೆ. ಕೋಲು ಎಷ್ಟು ಉದ್ದವೋ ಅದರ ಆಧಾರಬಿಂದುವಿನ ಮೇಲೆ ಬೀಳುವ ಒತ್ತಡ ಅಷ್ಟು ಹೆಚ್ಚು. ಬೆಸುಗೆಯ ಪಕ್ಕದ ಮಣಿಗೆ ಆ ಪಾಡು ಬರುತ್ತದೆ. ವಯಸ್ಸಿನಿಂದ ಎಲುಬು ಟೊಳ್ಳಾಗಿದ್ದರಂತೂ ನಿಂತಲ್ಲಿಂದ ಬಿದ್ದ ಸಾಧಾರಣ ಬೀಳುವಿಕೆಯೇ ಸಾಕು. ಬೆನ್ನೆಲುಬು ತಾನಾಗಿಯೇ ಬಿದಿರುಗಳೆಯಂತೆ ಗಟ್ಟಿಗೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ವಾತರೋಗದವರ ಸ್ಥಿತಿಯೂ ಇದೇ. ಅವರಿಗೆ ಶಸ್ತ್ರಚಿಕಿತ್ಸೆಯ ಬೆಸುಗೆಯೂ ಬೇಕಿಲ್ಲ.

ವೃದ್ಧರಲ್ಲಿ ಬಹುಪಾಲು ಮುರಿಯುವುದು ಎರಡನೆಯ ಮಣಿಯ ಗೂಟ. ಬೀಸುವ ಕಲ್ಲಿನ ಮೇಲಣ ಪಾಲು ನಡುಗೂಟದ ಸುತ್ತ ತಿರುಗುವಂತೆ, ತಲೆಯನ್ನು ಹೊತ್ತ ಮೊದಲನೆಯ ಮಣಿ ಈ ಗೂಟದ ಸುತ್ತ ತಿರುಗುತ್ತದೆ. 1974ರಲ್ಲಿ ಆಂಡರ್ಸನ್ ಮತ್ತು ಡಿ'ಅಲೊಂಜೊ ಎಂಬ ವೈದ್ಯರು ಈ ಮುರಿತಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಗೂಟದ ಬುಡದಲ್ಲೇ ಆಗುವ ಎರಡನೆಯ ಬಗೆ ಎಲ್ಲಕ್ಕಿಂತ ಮೊಂಡು. ಅದು ಸುಲಭವಾಗಿ ಕೂಡಿಕೊಳ್ಳದು.

ಈಜಿಪ್ಟಿನ ಪುರಾತನ ವೈದ್ಯನೊಬ್ಬ, ಇಂದು ಎಡ್ವಿನ್ ಸ್ಮಿತ್ ಪಪೈರಸ್ ಎಂದು ಹೆಸರಾಗಿರುವ ಸುರುಳಿಯಲ್ಲಿ, ಕೊರಳ ಮಣಿ ಜಾರಿ ಕೈಕಾಲು ಸೋತವನಿಗೆ ಚಿಕಿತ್ಸೆ ಸಲ್ಲದೆಂದು ಬರೆದಿಟ್ಟ. ಆ ತೀರ್ಪು ಸಹಸ್ರಾರು ವರ್ಷ ಹೆಚ್ಚುಕಡಮೆ ಹಾಗೆಯೇ ನಿಂತಿತು. 1891ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಾಡ್ರಾ ಎಂಬ ಶಸ್ತ್ರವೈದ್ಯ ಮುರಿದ ಕೊರಳಮಣಿಗಳನ್ನು ತಂತಿಯಿಂದ ಬಿಗಿದ. 1959ರಲ್ಲಿ ಕ್ಯಾಲಿಫೋರ್ನಿಯದ ಪೆರಿ ಮತ್ತು ನಿಕಲ್ ತಲೆಬುರುಡೆಗೆ ಮೊಳೆಗಳಿಂದ ನಿಲ್ಲಿಸುವ 'ಹ್ಯಾಲೊ' ಎಂಬ ಉಂಗುರವನ್ನು ವಿವರಿಸಿದರು. ಯುವಕರಿಗೆ ಅದು ವರವಾಯಿತು. ವೃದ್ಧರಿಗೆ ಮಾತ್ರ ನುಂಗಲು ತೊಡಕು, ಎದೆಯಲ್ಲಿ ಕಫ, ನ್ಯುಮೋನಿಯ ಇವುಗಳನ್ನು ಜೊತೆಗೆ ತಂದಿತು. ನಮ್ಮ ದೇಶದ ಕಾಣಿಕೆಯೂ ಇಲ್ಲಿ ಸಣ್ಣದಲ್ಲ: ಮುಂಬಯಿಯ ಡಾ. ಅತುಲ್ ಗೋಯಲ್ ಮತ್ತು ಲಹೇರಿ 1994ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮೊದಲೆರಡು ಮಣಿಗಳನ್ನು ಹಿಂಭಾಗದಿಂದ ತಿರುಪುಮೊಳೆಗಳಿಂದ ಹಿಡಿದು ನಿಲ್ಲಿಸುವರು. ಜಗತ್ತಿನಾದ್ಯಂತ ಅದು ಬಳಕೆಯಲ್ಲಿದೆ.

ಇನ್ನು ಎಲ್ಲೂರಿನ ಮನೆಗೆ. ಮಾಡಬೇಕಾದುದು ಅಲ್ಪ, ಮಾಡಬಾರದುದೇ ಬಹಳ. ಎಬ್ಬಿಸಬಾರದು, ಕೂರಿಸಬಾರದು, ತಿಕ್ಕಬಾರದು, ಆಟೋರಿಕ್ಷಾದಲ್ಲಿ ಒರಗಿಸಿ ಒಯ್ಯಬಾರದು. ಒಬ್ಬರು ತಲೆಯನ್ನು ಎರಡೂ ಬದಿಗಳಿಂದ ಅಲುಗದಂತೆ ಹಿಡಿದಿರಬೇಕು; ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಆ ಸೇವೆ ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದುದು. ಮತ್ತೊಂದು ಸೂಕ್ಷ್ಮವನ್ನು ಬಂದವರಿಗೆ ಮನೆಯವರೇ ಹೇಳಬೇಕಾದೀತು. ಹಲವು ವರ್ಷಗಳಿಂದ ಮುಂದಕ್ಕೆ ಬಾಗಿಯೇ ಇದ್ದ ಕೊರಳನ್ನು ನೇರಗೊಳಿಸಿ ಚಪ್ಪಟೆಯಾಗಿ ಮಲಗಿಸಿದರೆ, ಮುರಿದ ಜಾಗ ಬಾಯ್ದೆರೆದು ಬೆನ್ನುಹುರಿಗೆ ಅಪಾಯ. ಬಾಗಿದ್ದ ತಲೆಗೆ ದಿಂಬು ಕೊಟ್ಟು, ಬಾಗಿದಂತೆಯೇ ಒಯ್ಯಬೇಕು. “ಇವರ ಕುತ್ತಿಗೆ ಮೊದಲಿನಿಂದಲೂ ಹೀಗೆಯೇ” ಎಂಬ ಹೆಂಡತಿಯ ಒಂದು ಮಾತು ಅಲ್ಲಿ ದೊಡ್ಡ ಉಪಕಾರ.

ಹೆದ್ದಾರಿ ಹಿಡಿದು ಉಡುಪಿ ಸೇರಿದರೆ ಮುಂದೆ ಮಣಿಪಾಲ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜನ್ನು ಸ್ಥಾಪಿಸುವ ಮೊದಲು ಆ ಗುಡ್ಡ ಬೋಳಾಗಿತ್ತೆಂಬುದು ಈ ಸೀಮೆಯ ಹಿರಿಯರೆಲ್ಲ ಹೇಳುವ ಮಾತು. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಇಂತಹವರಿಗೆ ಬರಿಯ ಎಕ್ಸ್‌ರೇಯನ್ನು ನಂಬಿ ಕೂರುವುದಿಲ್ಲ. ಹಳೆಯ ಲೋಹದ ನೆರಳು, ಸವೆದ ಎಲುಬಿನ ಅಂಕುಡೊಂಕು, ಇವುಗಳ ನಡುವೆ ಹೊಸ ಬಿರುಕು ಅಡಗಿಕೊಳ್ಳಬಹುದು. ಆದುದರಿಂದ ಸಿ.ಟಿ. ಸ್ಕ್ಯಾನ್; ಬೆನ್ನುಹುರಿ ನೋಡಲು ಎಂ.ಆರ್.ಐ. ಗಟ್ಟಿಗೊಂಡ ಬೆನ್ನಿನವರಲ್ಲಿ ಮುರಿದೆಡೆ ಒಳಗೇ ರಕ್ತ ಕಟ್ಟಿಕೊಂಡು, ಮೊದಲ ಗಳಿಗೆಯಲ್ಲಿ ಕೈಕಾಲು ಆಡಿಸುತ್ತಿದ್ದವರೂ ಕೆಲವು ತಾಸುಗಳಲ್ಲಿ ಸೋಲುವುದುಂಟು. “ನಡೆಯುತ್ತಾರಲ್ಲ” ಎಂಬ ಸಮಾಧಾನ ಸಾಲದು.

ಚಿಕಿತ್ಸೆಯ ವಿಷಯದಲ್ಲಿ ವೈದ್ಯರೆಲ್ಲ ಒಮ್ಮತದವರಲ್ಲ. ಬೆಸೆದ ಉದ್ದನೆಯ ಭಾಗವೇ ಅಡ್ಡಲಾಗಿ ಮುರಿದಿದ್ದರೆ ಕೊರಳಪಟ್ಟಿ ಸಾಲದು. ಮುರಿತದ ಮೇಲೂ ಕೆಳಗೂ ಹಲವು ಮಣಿಗಳನ್ನು ಹಿಡಿದು ಹಿಂಭಾಗದಿಂದ ಸರಳು ಬಿಗಿಯುವುದು ರೂಢಿ. ಗೂಟದ ಮುರಿತದಲ್ಲಿ ಮಾತ್ರ ಎರಡು ದಾರಿ. ಶಸ್ತ್ರಚಿಕಿತ್ಸೆಯಾದರೆ ಎಲುಬು ಕೂಡುವ ಸಾಧ್ಯತೆ ಹೆಚ್ಚು, ತಲೆ ಹೊರಳಿಸುವ ಸ್ವಾತಂತ್ರ್ಯ ಕಡಮೆ. ಪಟ್ಟಿ ಕಟ್ಟಿದರೆ ಎಲುಬು ಕೂಡದೆ ನಾರಿನ ಬೆಸುಗೆ ಮಾತ್ರ ಆಗಬಹುದು; ಅಲುಗದೆ ನಿಂತರೆ ಅತಿ ವೃದ್ಧರಿಗೆ ಅಷ್ಟೇ ಸಾಕೆನ್ನುವವರೂ ಇದ್ದಾರೆ. “ಈ ವಯಸ್ಸಿನಲ್ಲಿ ಮತ್ತೆ ಆಪರೇಷನ್ ಬೇಕೆ?” ಎಂದು ಮಗಳು ಕೇಳಿದರೆ ಅದು ಜಿಪುಣತನವೂ ಅಲ್ಲ, ಹೇಡಿತನವೂ ಅಲ್ಲ. ಆದರೆ ಆ ಪ್ರಶ್ನೆಯನ್ನು ಹಿರಿಯರ ತಲೆಯ ಮೇಲಿಂದ ಕೇಳದೆ, ಅವರ ಎದುರಿಗೇ, ಅವರನ್ನೇ ಕೇಳುವುದು ನ್ಯಾಯ.

ಎರಡನೆಯ ಸಲ ಕೊರಳು ತೆರೆಯುವುದು ಮೊದಲಿನಷ್ಟು ಸರಳವಲ್ಲ. ಮುಂಭಾಗದಲ್ಲಿ ಹಳೆಯ ಗಾಯದ ಕಲೆಯಿಂದ ಅನ್ನನಾಳ, ಧ್ವನಿಯ ನರ ಅಂಟಿಕೊಂಡಿರುತ್ತವೆ. ಇನ್ನೊಂದು ಪಕ್ಕದಿಂದ ಒಳಹೊಗುವುದಾದರೆ ಧ್ವನಿತಂತುಗಳೆರಡೂ ಚಲಿಸುತ್ತಿವೆಯೇ ಎಂದು ಗಂಟಲಿನ ವೈದ್ಯರು ಮೊದಲು ನೋಡುವರು. ಒಂದು ಹಿಂದೆಯೇ ಸೋತಿದ್ದು ಇನ್ನೊಂದಕ್ಕೂ ಪೆಟ್ಟಾದರೆ ಉಸಿರಿಗೇ ಸಂಚಕಾರ. ಅರಿವಳಿಕೆಗೆ ನಳಿಕೆ ಇಳಿಸುವಾಗ ಕೊರಳನ್ನು ಹಿಂದಕ್ಕೆ ಬಾಗಿಸುವಂತಿಲ್ಲವಾದ್ದರಿಂದ, ಹಲವು ಸಲ ಎಚ್ಚರವಿರುವಾಗಲೇ ಬಳುಕುವ ದರ್ಶಕದ ನೆರವಿನಿಂದ ಅದನ್ನು ಇಳಿಸುತ್ತಾರೆ.

ಮನೆಯಲ್ಲಿ ಮಗ ಕಪಾಟು ತಡಕಬೇಕಾದುದು ಆಗಲೇ. ಹತ್ತು ವರ್ಷದ ಹಿಂದಿನ ಡಿಸ್ಚಾರ್ಜ್ ಪತ್ರದಲ್ಲಿ ಯಾವ ಮಣಿಗಳನ್ನು ಬೆಸೆದರು, ಎಡದಿಂದ ತೆರೆದರೋ ಬಲದಿಂದಲೋ, ಲೋಹ ಟೈಟಾನಿಯಮ್ಮೋ ಉಕ್ಕೋ, ಯಾವ ತಯಾರಕರ ಪಟ್ಟಿ ಎಂಬುದು ಇದ್ದೀತು. ತಯಾರಕರಿಗೆ ತಕ್ಕಂತೆ ತಿರುಪುಮೊಳೆಯ ತಲೆಯ ಆಕಾರ ಬೇರೆ; ಅದಕ್ಕೆ ಒಪ್ಪುವ ಉಪಕರಣ ಕೈಯಲ್ಲಿಲ್ಲದಿದ್ದರೆ ಹಳೆಯ ಪಟ್ಟಿ ಬಿಚ್ಚುವುದೇ ಕಷ್ಟ. ಜಾಗದ ದಾಖಲೆ, ಚಿನ್ನದ ರಸೀದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನ ಮಾಡುವ ಮನೆಗಳಲ್ಲಿ ಈ ಕಾಗದ ಮಾತ್ರ ಹಳೆಯ ಪಂಚಾಂಗಗಳ ನಡುವೆ ಗೆದ್ದಲಿಗೆ ಸಿಕ್ಕಿರುತ್ತದೆ.