ಚೆಂಡನ್ನು ಬಿಡದ ಕೈ

ನಮ್ಮಲ್ಲಿ ಕೆಲಸಕ್ಕೆ ಸೇರಿದವನು ಅರವತ್ತರ ಹೊತ್ತಿಗೆ ನಿವೃತ್ತನಾಗುತ್ತಾನೆ. ಹಾರ ಹಾಕಿಸಿಕೊಂಡು, ಶಾಲು ಹೊದ್ದು ಮನೆಗೆ ಬಂದು, ನಾಳೆಯಿಂದ ಬೆಳಗಿನ ಹೊತ್ತು ಏನು ಮಾಡುವುದೆಂದು ಯೋಚಿಸುತ್ತಾನೆ. ಆಟಗಾರನಿಗೆ ಈ ಯೋಚನೆ ಮೂವತ್ತೈದರೊಳಗೇ ಬರುತ್ತದೆ. ಈ ಅಂಕಣ ಬರೆಯುತ್ತಿರುವವನ ವಯಸ್ಸೂ ಅದರ ಆಸುಪಾಸಿನದೇ. ನನ್ನ ಉದ್ಯೋಗದಲ್ಲಿ ಈ ವಯಸ್ಸಿನವನನ್ನು ಹಿರಿಯರು ಇನ್ನೂ ‘ಹುಡುಗ’ ಎನ್ನುತ್ತಾರೆ; ಆಟದ ಅಂಗಳದಲ್ಲಾದರೋ ಅವನು ಆಗಲೇ ಮುದುಕ. ಹಾಗೆ ಮುದುಕನೆನಿಸಿಕೊಂಡು ಅಂಗಳದಿಂದ ಹೊರಬಂದು, ತರುವಾಯ ಇಪ್ಪತ್ತೆಂಟು ವರ್ಷ ಅದೇ ಆಟದ ಒಳಮನೆಯಲ್ಲಿ ಕುಳಿತು, ಆಡುವಾಗ ದೊರೆಯದ ಕಿರೀಟವನ್ನು ಎರಡು ಸಲ ಗೆದ್ದವನೊಬ್ಬನ ಕಥೆಯನ್ನು ಈ ವಾರ ಹೇಳಬೇಕೆಂದಿದ್ದೇನೆ. ಆತನ ಹೆಸರು ಓಜಿ ನ್ಯೂಸಮ್.

ಮೊದಲು ಆಟದ ವಿಷಯವಾಗಿ ಎರಡು ಮಾತು. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಎರಡು ತುದಿಗಳಲ್ಲಿಯೂ ಚೂಪು. ಪಕ್ಷಕ್ಕೆ ಹನ್ನೊಂದು ಜನ. ತಲೆಗೆ ಶಿರಸ್ತ್ರಾಣ ತೊಟ್ಟು, ಹೆಗಲಿಗೆ ಮೆತ್ತೆ ಕಟ್ಟಿಕೊಂಡು, ಒಬ್ಬರನ್ನೊಬ್ಬರು ತಳ್ಳಿ ಕೆಡವುತ್ತ ನೆಲವನ್ನು ಗಜಗಜವಾಗಿ ಗೆಲ್ಲಬೇಕು. ನ್ಯೂಸಮ್ ಆಡುತ್ತಿದ್ದ ಸ್ಥಾನಕ್ಕೆ ‘ಟೈಟ್ ಎಂಡ್’ ಎಂದು ಹೆಸರು. ಈ ಸ್ಥಾನದವನು ಒಮ್ಮೆ ಗೋಡೆಯಂತೆ ನಿಂತು ಎದುರಾಳಿಯನ್ನು ತಡೆಯಬೇಕು, ಮರುಕ್ಷಣವೇ ಜಿಂಕೆಯಂತೆ ಓಡಿ, ದೂರದಿಂದ ಎಸೆದ ಚೆಂಡನ್ನು ಹಿಡಿಯಬೇಕು. ಕೂಲಿಯ ಕೆಲಸವೂ ಅವನದೇ, ಕಲಾವಿದನ ಕೆಲಸವೂ ಅವನದೇ.

ನ್ಯೂಸಮ್ ಹುಟ್ಟಿದ್ದು 1956ರಲ್ಲಿ, ಅಲಬಾಮ ಸಂಸ್ಥಾನದ ಮಸಲ್ ಷೋಲ್ಸ್ ಎಂಬ ಊರಿನಲ್ಲಿ, ಕಪ್ಪು ಜನರ ಮನೆಯೊಂದರಲ್ಲಿ. ಆತ ಏಳು ವರ್ಷದ ಬಾಲಕನಾಗಿದ್ದಾಗ, 1963ರ ಜೂನ್ ತಿಂಗಳಲ್ಲಿ, ಆ ಸಂಸ್ಥಾನದ ಗವರ್ನರ್ ಜಾರ್ಜ್ ವಾಲೆಸ್ ಅಲಬಾಮ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ತಾನೇ ನಿಂತು, ಇಬ್ಬರು ಕಪ್ಪು ವಿದ್ಯಾರ್ಥಿಗಳು ಒಳಗೆ ಕಾಲಿಡದಂತೆ ತಡೆಯಲೆತ್ನಿಸಿದ. ಹನ್ನೊಂದು ವರ್ಷಗಳ ತರುವಾಯ ಅದೇ ವಿಶ್ವವಿದ್ಯಾನಿಲಯ ನ್ಯೂಸಮ್‌ನನ್ನು ಕರೆದು ತನ್ನ ತಂಡಕ್ಕೆ ಸೇರಿಸಿಕೊಂಡಿತು. ಕಾಲ ಕೆಲವೊಮ್ಮೆ ಹೀಗೆ ಸದ್ದಿಲ್ಲದೆ ಲೆಕ್ಕ ತೀರಿಸುತ್ತದೆ; ಆದರೆ ಪೂರ್ತಿ ತೀರಿಸುವುದಿಲ್ಲವೆಂಬುದನ್ನು ಮುಂದೆ ನೋಡುತ್ತೀರಿ.

1978ರಲ್ಲಿ ಕ್ಲೀವ್‌ಲೆಂಡ್ ನಗರದ ಬ್ರೌನ್ಸ್ ತಂಡ ಆತನನ್ನು ಆರಿಸಿಕೊಂಡಿತು. ಅಲ್ಲಿ ಹದಿಮೂರು ವರ್ಷ ಆಡಿದ. 662 ಬಾರಿ ಚೆಂಡು ಹಿಡಿದು 7,980 ಗಜ ನೆಲ ಗಳಿಸಿದ. ಆತ ಆಟ ನಿಲ್ಲಿಸಿದ ದಿನದವರೆಗೆ ಆ ಸ್ಥಾನದ ಯಾವ ಆಟಗಾರನೂ ಅಷ್ಟು ಸಲ ಚೆಂಡು ಹಿಡಿದಿರಲಿಲ್ಲ. ಸಿಕ್ಕ ಚೆಂಡು ಆತನ ಕೈಜಾರುವುದು ಬಹು ಅಪರೂಪ. ಆದರೆ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಹೊಸ್ತಿಲವರೆಗೆ ಮೂರು ಸಲ ಹೋಗಿ, ಮೂರು ಸಲವೂ ಡೆನ್ವರ್ ತಂಡದ ಕೈಯಲ್ಲಿ ಸೋತು ಹಿಂದಿರುಗಿದ್ದಾಯಿತು. 1990ರ ಋತು ಮುಗಿಯಿತು. ಆತನ ಆಟವೂ ಮುಗಿಯಿತು.

ತಂಡದ ಒಡೆಯ ಆರ್ಟ್ ಮೋಡೆಲ್ ಆತನನ್ನು ಬಿಟ್ಟುಕೊಡಲಿಲ್ಲ. ‘ನಮ್ಮಲ್ಲೇ ಇರು’ ಎಂದು ಕೆಲಸ ಕೊಟ್ಟ. ದೊಡ್ಡ ಆಟಗಾರರಿಗೆ ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಅಲಂಕಾರದ ಕುರ್ಚಿ: ಅತಿಥಿಗಳ ಕೈ ಕುಲುಕುವುದು, ಭೋಜನಕೂಟಗಳಲ್ಲಿ ಹಳೆಯ ಪಂದ್ಯಗಳ ಕಥೆ ಹೇಳುವುದು. ನ್ಯೂಸಮ್ ಕೇಳಿಕೊಂಡದ್ದು ಕಸುಬು. 1991ರಲ್ಲಿ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ, ಹೊಸ ಆಟಗಾರರನ್ನು ಹುಡುಕುವವರ ಜೊತೆ ಸೇರಿದ. ಈ ಕೆಲಸದಲ್ಲಿ ವೈಭವವಿಲ್ಲ. ಊರೂರು ಅಲೆದು ಕಾಲೇಜು ಹುಡುಗರ ಆಟ ನೋಡಬೇಕು. ಅದೇ ಚಿತ್ರಸುರುಳಿಯನ್ನು ಹತ್ತು ಸಲ ತಿರುಗಿಸಿ ನೋಡಬೇಕು. ಹುಡುಗ ಎಷ್ಟು ಎತ್ತರ, ನಲವತ್ತು ಗಜವನ್ನು ಎಷ್ಟು ಸೆಕೆಂಡಿನಲ್ಲಿ ಓಡುತ್ತಾನೆ, ಸೋಲುತ್ತಿರುವಾಗ ಹೇಗೆ ಆಡುತ್ತಾನೆ, ಗುರುಗಳು ಅವನ ವಿಷಯ ಏನು ಹೇಳುತ್ತಾರೆ ಎಂಬುದನ್ನೆಲ್ಲ ಬರೆದು ವರದಿ ಒಪ್ಪಿಸಬೇಕು. ಆಗ ಬ್ರೌನ್ಸ್ ತಂಡದ ಮುಖ್ಯ ತರಬೇತುದಾರನಾಗಿದ್ದವನು ಬಿಲ್ ಬೆಲಿಚೆಕ್. ವರದಿಯ ವಿಷಯದಲ್ಲಿ ಮಹಾ ಕಟ್ಟುನಿಟ್ಟಿನವ. ಲಕ್ಷ ಜನರ ಚಪ್ಪಾಳೆ ಕೇಳಿದ್ದವನು ಕತ್ತಲೆಯ ಕೋಣೆಯಲ್ಲಿ ಕುಳಿತು ಟಿಪ್ಪಣಿ ಬರೆಯುವುದನ್ನು ಕಲಿತ. ಬೇರೆಯವರಿಗೆ ಇದು ಇಳಿತವೆಂದು ತೋರಿರಬಹುದು. ನನಗೆ ಆತನ ಜೀವನದಲ್ಲಿ ಅತ್ಯಂತ ಮೆಚ್ಚುಗೆಯಾಗುವ ಭಾಗ ಇದೇ.

ಅಷ್ಟರಲ್ಲಿ ಬಂದಿತು 1995ರ ನವೆಂಬರ್. ಹಣದ ಮುಗ್ಗಟ್ಟಿಗೆ ಸಿಕ್ಕಿದ್ದ ಮೋಡೆಲ್, ತಂಡವನ್ನು ಕ್ಲೀವ್‌ಲೆಂಡಿನಿಂದ ಎತ್ತಿ ಬಾಲ್ಟಿಮೋರ್ ನಗರಕ್ಕೆ ಒಯ್ಯುವುದಾಗಿ ಪ್ರಕಟಿಸಿದ. ಒಂದು ಊರಿನ ಜಾತ್ರೆಯ ತೇರನ್ನು ಇನ್ನೊಂದು ಊರಿನವರಿಗೆ ಬಿಟ್ಟುಕೊಟ್ಟರೆ ಹೇಗಾದೀತು, ಊಹಿಸಿಕೊಳ್ಳಿ. ಅಲ್ಲಿನ ಕೊನೆಯ ಪಂದ್ಯದ ದಿನ ಜನ ಕ್ರೀಡಾಂಗಣದ ಆಸನಗಳನ್ನು ಕಿತ್ತು ಅಂಗಳಕ್ಕೆ ಎಸೆದರು. ಇತ್ತ ಬಾಲ್ಟಿಮೋರಿನವರಿಗೂ ಈ ನೋವು ಹೊಸದಲ್ಲ. ಅವರ ಕೋಲ್ಟ್ಸ್ ತಂಡವನ್ನು ಅದರ ಒಡೆಯ 1984ರ ಮಾರ್ಚ್ ತಿಂಗಳ ಒಂದು ರಾತ್ರಿ ಲಾರಿಗಳಲ್ಲಿ ತುಂಬಿಸಿ ಇಂಡಿಯಾನಾಪೊಲಿಸ್ ನಗರಕ್ಕೆ ಸಾಗಿಸಿಬಿಟ್ಟಿದ್ದ. ಕಳೆದುಕೊಂಡವರೇ ಈಗ ಇನ್ನೊಬ್ಬರದನ್ನು ಪಡೆದರು.

ಕ್ಲೀವ್‌ಲೆಂಡಿನ ಕಣ್ಮಣಿಯಾಗಿದ್ದ ನ್ಯೂಸಮ್ ಏನು ಮಾಡಬೇಕಾಗಿತ್ತು? ರಾಜೀನಾಮೆ ಕೊಟ್ಟು ಊರಿನವರ ಜೊತೆ ನಿಲ್ಲಬೇಕಾಗಿತ್ತೆ? ಕೆಲಸ ಕೊಟ್ಟ ಒಡೆಯನ ಹಿಂದೆ ಹೋಗಬೇಕಾಗಿತ್ತೆ? ಆತ ಹೋದ. ವರ್ಗದ ಆದೇಶ ಬಂದಾಗ ಹಾಸಿಗೆ ಸುತ್ತಿಕೊಂಡು ರೈಲು ಹತ್ತುವ ನಾವು ಇದಕ್ಕೆ ಸುಲಭವಾಗಿ ತೀರ್ಪು ಹೇಳಲಾರೆವು. ಬ್ರೌನ್ಸ್ ಎಂಬ ಹೆಸರು, ಬಣ್ಣ, ಚರಿತ್ರೆ ಎಲ್ಲವೂ ಕ್ಲೀವ್‌ಲೆಂಡಿನಲ್ಲೇ ಉಳಿದವು. ಹೊಸ ಊರಿನಲ್ಲಿ ತಂಡಕ್ಕೆ ಹೊಸ ಹೆಸರು ಬೇಕಾಯಿತು. ಅಲ್ಲಿ ಮಡಿದು ಅಲ್ಲೇ ಮಣ್ಣಾದ ಕವಿ ಎಡ್ಗರ್ ಆಲನ್ ಪೋನ ಪ್ರಸಿದ್ಧ ಕವಿತೆಯ ಕಪ್ಪು ಹಕ್ಕಿಯನ್ನು ನೆನೆದು ಜನ ಸೂಚಿಸಿದ ಹೆಸರು ‘ರೇವನ್ಸ್’. ಸಾಹಿತ್ಯದ ಅಧ್ಯಾಪಕನಾದ ನನಗೆ ಒಂದು ಸಮಾಧಾನ: ಕವಿಯೊಬ್ಬ ಇಂಥ ಕಡೆಯೂ ಉಪಯೋಗಕ್ಕೆ ಬಂದನಲ್ಲ!

ಈಗ ಕಥೆಯ ನಡುಮನೆಗೆ ಬರೋಣ. ಪ್ರತಿ ವರ್ಷ ವಸಂತದಲ್ಲಿ ಲೀಗಿನ ತಂಡಗಳು ಕಾಲೇಜು ಮುಗಿಸಿದ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಬಡವರಿಗೆ ಮೊದಲ ಪಂಕ್ತಿ ಎಂಬ ಈ ನ್ಯಾಯ ಬಹಳ ಚೆನ್ನಾಗಿದೆ. 1996ರ ಏಪ್ರಿಲ್ ತಿಂಗಳಲ್ಲಿ, ಕೋಲ್ಟ್ಸ್ ತಂಡ ಬಿಟ್ಟುಹೋಗಿದ್ದ ಹಳೆಯ ಕಟ್ಟಡದಲ್ಲಿ, ಆಟಗಾರರ ಆಯ್ಕೆಯ ಹೊಣೆ ಮೊದಲ ಬಾರಿಗೆ ನ್ಯೂಸಮ್‌ನ ಹೆಗಲೇರಿತ್ತು. ರೇವನ್ಸ್ ತಂಡದ ಸರದಿ ನಾಲ್ಕನೆಯದು. ಸರದಿ ಬಂದ ಮೇಲೆ ಹೆಸರು ಹೇಳಲು ಆಗ ಇದ್ದ ಅವಧಿ ಹದಿನೈದು ನಿಮಿಷ.

ಮೋಡೆಲ್‌ಗೆ ಬೇಕಾಗಿದ್ದವನು ಲಾರೆನ್ಸ್ ಫಿಲಿಪ್ಸ್. ನೆಬ್ರಾಸ್ಕ ವಿಶ್ವವಿದ್ಯಾನಿಲಯದವ, ಚೆಂಡು ಹಿಡಿದು ಓಡುವುದರಲ್ಲಿ ಪ್ರಚಂಡ. ತಂಡಕ್ಕೆ ಅಂಥವನೊಬ್ಬನ ಕೊರತೆಯಿತ್ತು. ಹೊಸ ಊರಿನ ಜನ ಟಿಕೆಟ್ ಕೊಳ್ಳಲು ಅಂಥ ಹೆಸರೂ ಬೇಕಾಗಿತ್ತು. ಆದರೆ ಅವನು ಹಿಂದಿನ ವರ್ಷವಷ್ಟೇ ತನ್ನ ಹಳೆಯ ಗೆಳತಿಯ ಮೇಲೆ ಕೈಮಾಡಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವ. ನ್ಯೂಸಮ್ ಮತ್ತು ಆತನ ಸಂಗಡಿಗರು ತಿಂಗಳುಗಟ್ಟಲೆ ಕುಳಿತು ತಯಾರಿಸಿದ ಪಟ್ಟಿಯಲ್ಲಿ ಉಳಿದವರ ಪೈಕಿ ಎಲ್ಲಕ್ಕಿಂತ ಮೇಲಿದ್ದ ಹೆಸರು ಜೊನಾಥನ್ ಆಗ್ಡನ್: ಆರು ಅಡಿ ಒಂಬತ್ತು ಅಂಗುಲದ ಆಳು, ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವ. ಈ ತಡೆಯುವವರ ಹೆಸರನ್ನು ಪ್ರೇಕ್ಷಕರು ಕೂಗುವುದಿಲ್ಲ. ಪತ್ರಿಕೆಗಳು ಅಚ್ಚು ಹಾಕುವುದಿಲ್ಲ. ಸಾಲದ್ದಕ್ಕೆ, ಆ ಸ್ಥಾನದಲ್ಲಿ ತಂಡಕ್ಕೆ ಒಳ್ಳೆಯ ಆಟಗಾರ ಆಗಲೇ ಇದ್ದ.

ಅನ್ನ ಕೊಟ್ಟ ಒಡೆಯ ಎದುರಿಗೇ ಕುಳಿತು ಒಂದು ಹೆಸರು ಬಯಸುತ್ತಿದ್ದಾನೆ; ಕೈಯಲ್ಲಿರುವ ಪಟ್ಟಿ ಇನ್ನೊಂದು ಹೆಸರು ಹೇಳುತ್ತಿದೆ. ನ್ಯೂಸಮ್ ಪಟ್ಟಿಯ ಹೆಸರನ್ನೇ ಹೇಳಿದ. ಮೋಡೆಲ್ ಮನಸ್ಸಿಲ್ಲದೆಯೂ ಒಪ್ಪಿದ. ಒಪ್ಪಿದ್ದು ಆತನ ದೊಡ್ಡತನವೆಂದೂ ಹೇಳಬೇಕು. ಅದೇ ದಿನ ಇಪ್ಪತ್ತಾರನೆಯ ಸರದಿಯಲ್ಲಿ ನ್ಯೂಸಮ್ ಆರಿಸಿದವನು ಮಿಯಾಮಿಯ ರೇ ಲೂಯಿಸ್. ಅವನ ಸ್ಥಾನಕ್ಕೆ ಮೈಕಟ್ಟು ಸಾಲದೆಂದು ಹಲವರು ಕೈಬಿಟ್ಟಿದ್ದ ಹುಡುಗ. ಇಂದು ಆಗ್ಡನ್ ಮತ್ತು ಲೂಯಿಸ್ ಇಬ್ಬರ ಪ್ರತಿಮೆಗಳೂ ಆ ಆಟದ ಕೀರ್ತಿಮಂದಿರದಲ್ಲಿವೆ. ಫಿಲಿಪ್ಸ್‌ನನ್ನು ಸೇಂಟ್ ಲೂಯಿಸ್ ತಂಡ ಆರನೆಯವನಾಗಿ ತೆಗೆದುಕೊಂಡಿತು. ಅವನ ಆಟ ಕೆಲವೇ ವರ್ಷಗಳಲ್ಲಿ ಮುಗಿಯಿತು. ಬದುಕು 2016ರ ಜನವರಿಯಲ್ಲಿ ಸೆರೆಮನೆಯಲ್ಲಿ ಮುಗಿಯಿತು.

ಫಲ ಕಂಡ ಮೇಲೆ ಇದನ್ನೆಲ್ಲ ದೂರದೃಷ್ಟಿ ಎಂದು ಹೊಗಳುವುದು ಸುಲಭ. ಆ ಹದಿನೈದು ನಿಮಿಷಗಳಲ್ಲಿ ಫಲ ಯಾರಿಗೂ ಕಂಡಿರಲಿಲ್ಲ. ನ್ಯೂಸಮ್‌ಗೆ ಇದ್ದದ್ದು ಇಷ್ಟೇ: ಖಾಲಿ ಸ್ಥಾನ ತುಂಬುವ ಆತುರದಲ್ಲಿ ಕೆಳದರ್ಜೆಯವನನ್ನು ಎತ್ತಿಕೊಳ್ಳಬಾರದು, ಶಾಂತವಾದ ದಿನಗಳಲ್ಲಿ ಬರೆದಿಟ್ಟದ್ದನ್ನು ಗದ್ದಲದ ದಿನ ಅಳಿಸಬಾರದು ಎಂಬ ಹಟ. ಮನೆಯ ಯಜಮಾನಿ ಸಂತೆಗೆ ಹೊರಡುವ ಮುಂಚೆ ಚೀಟಿ ಬರೆದುಕೊಳ್ಳುವುದೂ ಇದಕ್ಕಾಗಿಯೇ ಅಲ್ಲವೆ?

1999ರ ಆಗಸ್ಟ್ ತಿಂಗಳಲ್ಲಿ ಆತನಿಗೇ ಕೀರ್ತಿಮಂದಿರದ ಗೌರವ ಸಂದಿತು. ಆ ಮಂದಿರವಿರುವುದು ಕ್ಲೀವ್‌ಲೆಂಡಿಗೆ ಸಮೀಪದ ಕ್ಯಾಂಟನ್ ಊರಿನಲ್ಲಿ. ವಿಚಿತ್ರವೆಂದರೆ, ಮರಳಿ ಹುಟ್ಟಿದ ಬ್ರೌನ್ಸ್ ತಂಡ ತನ್ನ ಮೊದಲ ಪಂದ್ಯವನ್ನು ಆಡಿದ್ದೂ ಅದೇ ದಿನಗಳಲ್ಲಿ, ಅದೇ ಊರಿನಲ್ಲಿ. ಬ್ರೌನ್ಸ್ ಆಟಗಾರನೆಂದು ಹಾರ ಹಾಕಿಸಿಕೊಂಡ ಮನುಷ್ಯ, ವರ್ಷಕ್ಕೆ ಎರಡು ಸಲ ಬ್ರೌನ್ಸ್ ತಂಡವನ್ನು ಸೋಲಿಸುವ ಏರ್ಪಾಟು ಮಾಡಲು ಬಾಲ್ಟಿಮೋರಿಗೆ ಹಿಂದಿರುಗಿದ.

2001ರ ಜನವರಿಯಲ್ಲಿ ರೇವನ್ಸ್ ತಂಡ ನ್ಯೂಯಾರ್ಕ್ ಜಯಂಟ್ಸ್ ತಂಡವನ್ನು 34–7ರಿಂದ ಮಣಿಸಿ ಸೂಪರ್ ಬೌಲ್ ಗೆದ್ದಿತು. ಮರುವರ್ಷ ನವೆಂಬರ್‌ನಲ್ಲಿ, ಅಂದರೆ 2002ರಲ್ಲಿ, ನ್ಯೂಸಮ್‌ಗೆ ಜನರಲ್ ಮ್ಯಾನೇಜರ್ ಎಂಬ ಪದವಿ ದೊರೆಯಿತು. ಲೀಗ್ ಹುಟ್ಟಿದ್ದು 1920ರಲ್ಲಿ. ಎಂಬತ್ತೆರಡು ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಕುಳಿತ ಮೊದಲ ಕಪ್ಪು ಮನುಷ್ಯ ಆತನೇ. ಆ ವೇಳೆಗೆ ಆಟಗಾರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕಪ್ಪು ಜನರೇ ಆಗಿದ್ದರು. ಅಂಗಳದಲ್ಲಿ ಬೆವರು ಸುರಿಸಲು ಅಡ್ಡಿಯಿರಲಿಲ್ಲ. ಬಾಗಿಲು ಮುಚ್ಚಿ ಮಾತನಾಡುವ ಕೋಣೆಯೊಳಗೆ ಪ್ರವೇಶ ಸಿಕ್ಕಿರಲಿಲ್ಲ. ಲೆಕ್ಕ ಪೂರ್ತಿ ತೀರಿರಲಿಲ್ಲವೆಂದು ನಾನು ಆಗಲೇ ಹೇಳಿದ್ದು ಇದನ್ನೇ.

ತಪ್ಪೇ ಮಾಡದವನೆಂದು ಆತನನ್ನು ಚಿತ್ರಿಸಿದರೆ ಅದು ಕಥೆಯಾಗುತ್ತದೆ, ಚರಿತ್ರೆಯಾಗುವುದಿಲ್ಲ. 2003ರಲ್ಲಿ ತಂಡಕ್ಕೆ ಚೆಂಡು ಎಸೆಯುವ ನಾಯಕನ ಕೊರತೆ ಬಹಳವಾಗಿತ್ತು. ಮಿನೆಸೋಟ ತಂಡದೊಡನೆ ಸರದಿ ಬದಲಿಸಿಕೊಳ್ಳುವ ಮಾತುಕತೆ ಗಡುವು ಮುಗಿಯುವುದರೊಳಗೆ ಮುಗಿಯಲಿಲ್ಲ. ಬಯಸಿದ್ದ ಹುಡುಗ ಇನ್ನೊಬ್ಬರ ಪಾಲಾದ. ಆ ಮೇಲೆ ತನ್ನ ಸರದಿಯಲ್ಲಿ ಟೆರೆಲ್ ಸಗ್ಸ್ ಎಂಬ ರತ್ನವೇ ಸಿಕ್ಕಿತು, ನಿಜ. ಆದರೂ ಕೊರತೆಯ ಚಿಂತೆ ಬಿಡಲಿಲ್ಲ. ಮರುವರ್ಷದ ಮೊದಲ ಸರದಿಯನ್ನೇ ತೆತ್ತು ಕೈಲ್ ಬೋಲರ್ ಎಂಬವನನ್ನು ತೆಗೆದುಕೊಂಡದ್ದಾಯಿತು. ಆ ನಿರೀಕ್ಷೆ ಫಲಿಸಲಿಲ್ಲ. ಖಾಲಿ ಸ್ಥಾನದ ಆತುರ ಆತನನ್ನೂ ಒಮ್ಮೆ ಗೆದ್ದಿತ್ತು. ಐದು ವರ್ಷ ಕಾದು, 2008ರಲ್ಲಿ ಡೆಲವೇರ್ ಎಂಬ ಅಷ್ಟೇನೂ ಪ್ರಸಿದ್ಧವಲ್ಲದ ವಿಶ್ವವಿದ್ಯಾನಿಲಯದಿಂದ ಜೋ ಫ್ಲಾಕೊನನ್ನು ತಂದ ಮೇಲೆ ಆ ಕೊರತೆ ನೀಗಿತು. 2013ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು 34–31ರಿಂದ ಸೋಲಿಸಿ ಎರಡನೆಯ ಕಿರೀಟ ಬಂತು.

ಇನ್ನೊಂದು ತಪ್ಪು ಇದಕ್ಕಿಂತ ಭಾರವಾದದ್ದು. 2014ರಲ್ಲಿ ತಂಡದ ಪ್ರಮುಖ ಓಟಗಾರ ರೇ ರೈಸ್ ತಾನು ಮದುವೆಯಾಗಲಿದ್ದ ಹೆಣ್ಣನ್ನು ಹೊಡೆದ. ತಂಡ ಮೊದಲು ಅವನ ಬೆನ್ನಿಗೆ ನಿಂತಿತು. ಹೊಡೆದ ದೃಶ್ಯದ ಚಿತ್ರ ಸೆಪ್ಟೆಂಬರ್‌ನಲ್ಲಿ ಲೋಕಕ್ಕೆಲ್ಲ ಕಂಡಾಗ ಅಂದೇ ಅವನನ್ನು ಹೊರಹಾಕಿತು. 1996ರಲ್ಲಿ ಹೊರಗಿನ ಹುಡುಗನ ವಿಷಯದಲ್ಲಿ ಕಂಡ ದೋಷ, 2014ರಲ್ಲಿ ಮನೆಯ ಹುಡುಗನ ವಿಷಯದಲ್ಲಿ ಕಾಣಲು ಅಷ್ಟು ತಿಂಗಳು ಬೇಕಾಯಿತೆ? ಈ ಪ್ರಶ್ನೆಯನ್ನು ನ್ಯೂಸಮ್‌ನ ಅಭಿಮಾನಿಗಳೂ ಕೇಳಿಕೊಳ್ಳಬೇಕು, ನಾನೂ ಕೇಳಿಕೊಂಡಿದ್ದೇನೆ.

ಆತ ಬೆಳೆಸಿದ್ದು ಆಟಗಾರರನ್ನು ಮಾತ್ರವಲ್ಲ. ಇಪ್ಪತ್ತರ ಹರೆಯದ ಹುಡುಗರನ್ನು ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರು ಸಂಬಳಕ್ಕೆ ಇಟ್ಟುಕೊಂಡು, ಚಿತ್ರಸುರುಳಿ ನೋಡುವುದರಿಂದ ಹಿಡಿದು ವಿಮಾನ ನಿಲ್ದಾಣದಿಂದ ಅತಿಥಿಗಳನ್ನು ಕರೆತರುವವರೆಗೆ ಎಲ್ಲ ಕೆಲಸ ಮಾಡಿಸುತ್ತಿದ್ದರು. ‘ಇಪ್ಪತ್ತು–ಇಪ್ಪತ್ತು ಕೂಟ’ ಎಂದು ಅವರೇ ತಮಗೆ ಹೆಸರಿಟ್ಟುಕೊಂಡಿದ್ದರು. 1996ರಲ್ಲಿ ಹಾಗೆ ಸೇರಿದವನೊಬ್ಬ ಎರಿಕ್ ಡಿಕೋಸ್ಟ. ಅವನೇ ಮುಂದೆ ಉತ್ತರಾಧಿಕಾರಿಯಾದ.

2018ರ ಏಪ್ರಿಲ್ 26, ಜನರಲ್ ಮ್ಯಾನೇಜರ್ ಆಗಿ ನ್ಯೂಸಮ್‌ಗೆ ಕೊನೆಯ ಆಯ್ಕೆಯ ರಾತ್ರಿ. ಟೆಕ್ಸಸ್‌ನ ಆರ್ಲಿಂಗ್ಟನ್ ನಗರದ ಸಭಾಂಗಣದಲ್ಲಿ ಲಮಾರ್ ಜ್ಯಾಕ್ಸನ್ ಎಂಬ ಕಪ್ಪು ಹುಡುಗ ತಾಯಿಯ ಜೊತೆ ಕಾಯುತ್ತಿದ್ದ. ಚೆಂಡು ಎಸೆಯುವ ನಾಯಕರಲ್ಲಿ ನಾಲ್ವರು ಅವನಿಗಿಂತ ಮೊದಲೇ ಆಯ್ಕೆಯಾಗಿ ಹೋಗಿದ್ದರು. ಇವನು ನಾಯಕನ ಸ್ಥಾನ ಬಿಟ್ಟು ಬೇರೆ ಸ್ಥಾನದಲ್ಲಿ ಆಡಲೆಂದು ಬಲ್ಲವರು ಬುದ್ಧಿ ಹೇಳಿದ್ದರು. ಮೊದಲ ಸುತ್ತಿಗೆ ಉಳಿದಿದ್ದದ್ದು ಒಂದೇ ಸರದಿ, ಮೂವತ್ತೆರಡನೆಯದು. ಅದೂ ಫಿಲಡೆಲ್ಫಿಯ ತಂಡದ್ದು. ರೇವನ್ಸ್ ಕೋಣೆಯಿಂದ ಫಿಲಡೆಲ್ಫಿಯಕ್ಕೆ ದೂರವಾಣಿ ಹೋಯಿತು. ಬೆಲೆ ತೆತ್ತು ಆ ಸರದಿಯನ್ನು ಕೊಂಡು, ನ್ಯೂಸಮ್ ಹುಡುಗನ ಹೆಸರು ಹೇಳಿಸಿದ.

2019ರ ಋತುವಿನಲ್ಲಿ ಲೀಗಿನ ಅತ್ಯುತ್ತಮ ಆಟಗಾರನನ್ನು ಆರಿಸಲು ಐವತ್ತು ಮಂದಿ ಮತ ಹಾಕಿದರು. ಐವತ್ತೂ ಜ್ಯಾಕ್ಸನ್‌ಗೇ ಬಂದವು. ಅಷ್ಟು ಹೊತ್ತಿಗೆ ನ್ಯೂಸಮ್ ಕುರ್ಚಿಯನ್ನು ಡಿಕೋಸ್ಟನಿಗೆ ಬಿಟ್ಟುಕೊಟ್ಟು ಒಂದು ವರ್ಷವಾಗಿತ್ತು.