ಮಳೆಯ ಮೊತ್ತವಷ್ಟೇ ಅಲ್ಲ, ವೇಗವೂ ಮುಖ್ಯ

ಮುಂಗಾರು ಆರಂಭವಾಯಿತೆಂದರೆ ಹಿಂದಿನ ದಿನ ಯಾವ ಊರಿನಲ್ಲಿ ಎಷ್ಟು ಮಳೆಯಾಯಿತೆಂಬ ಪಟ್ಟಿ ಪತ್ರಿಕೆಗಳಲ್ಲಿ ತಪ್ಪದೇ ಪ್ರಕಟವಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಹೆಸರು ಅದರ ಮೇಲ್ಸಾಲಿನಲ್ಲಿ ಕಾಣುವುದು ಹೊಸತೇನಲ್ಲ. ಆದರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನ ಈ ಒಟ್ಟು ಮೊತ್ತ ಅಪಾಯದ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಹವಾಮಾನ ಇಲಾಖೆಯ ಮಾನದಂಡದಂತೆ 24 ಗಂಟೆಗಳಲ್ಲಿ 204.4 ಮಿ.ಮೀ. ಮೀರಿದರೆ ಅದು ಅತ್ಯಂತ ಭಾರಿ ಮಳೆ. ಎರಡು ಊರುಗಳಲ್ಲಿ ತಲಾ 240 ಮಿ.ಮೀ. ಸುರಿಯಿತು ಎಂದಿಟ್ಟುಕೊಳ್ಳೋಣ. ಒಂದರಲ್ಲಿ ಗಂಟೆಗೆ 10 ಮಿ.ಮೀ.ನಂತೆ ದಿನವಿಡೀ, ಇನ್ನೊಂದರಲ್ಲಿ 180 ಮಿ.ಮೀ. ಮೂರೇ ಗಂಟೆಗಳಲ್ಲಿ, ಅಂದರೆ ಗಂಟೆಗೆ 60. ಪಟ್ಟಿಯಲ್ಲಿ ಎರಡೂ ಸಮ. ಆದರೆ ಮಳೆಯ ಏರಿಕೆಯನ್ನು ಗೆರೆಯಾಗಿ ಬರೆದರೆ ಒಂದು ದಿಬ್ಬದಂತೆ ಏರುತ್ತದೆ, ಇನ್ನೊಂದು ಗೋಡೆಯಂತೆ ನಿಲ್ಲುತ್ತದೆ. ಎರಡು ಅಳತೆಗಳ ವ್ಯತ್ಯಾಸವನ್ನು ನಡುವಿನ ಅವಧಿಯಿಂದ ಭಾಗಿಸಿದಾಗ ಸಿಗುವ ಇದನ್ನೇ ಪ್ರೌಢಶಾಲೆಯ ಗಣಿತ ಇಳಿಜಾರು ಎನ್ನುತ್ತದೆ.

ಈ ಮೂರು ತಾಲ್ಲೂಕುಗಳಲ್ಲಿ ಸಹ್ಯಾದ್ರಿಗೂ ಸಮುದ್ರಕ್ಕೂ ಅಂತರ ಕಡಿಮೆ. ಘಟ್ಟದ ನೀರು ಬಹುಬೇಗ ಊರು ಸೇರುತ್ತದೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳ ತಾಲ್ಲೂಕಿನಲ್ಲಿ ಒಂದೇ ದಿನ 533 ಮಿ.ಮೀ. ಮಳೆ ಸುರಿಯಿತು. ಇದು ಬೆಂಗಳೂರಿನ ಇಡೀ ವರ್ಷದ ವಾಡಿಕೆ ಮಳೆಯ ಅರ್ಧಕ್ಕಿಂತ ಹೆಚ್ಚು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಕುಟುಂಬದ ನಾಲ್ವರು ಅಸುನೀಗಿದರು. ಅಂದಿನ ಸರಾಸರಿ ಗಂಟೆಗೆ ಸುಮಾರು 22 ಮಿ.ಮೀ. ಆದರೆ ಮಳೆ ಸರಾಸರಿಯ ಲೆಕ್ಕದಲ್ಲಿ ಸುರಿಯುವುದಿಲ್ಲ.

ಹಾಗೆಂದು ವೇಗವೊಂದನ್ನೇ ನಂಬುವಂತೆಯೂ ಇಲ್ಲ. ಕಾಲು ಗಂಟೆಯಲ್ಲಿ 10 ಮಿ.ಮೀ. ಸುರಿದರೆ ಗಂಟೆಗೆ 40 ಎಂದಾಗುತ್ತದೆ; ಮಳೆ ಅಲ್ಲಿಗೇ ನಿಂತರೆ ಭಯವಿಲ್ಲ. ವಾರವಿಡೀ ನೆನೆದ ಮಣ್ಣಿಗಾದರೋ ಅದಕ್ಕಿಂತ ಕಡಿಮೆ ಮಳೆಯೂ ಭಾರವಾದೀತು. ಆದ್ದರಿಂದ ಹಿಂದಿನ ದಿನಗಳ ಮೊತ್ತ ಮತ್ತು ಈ ಗಂಟೆಯ ವೇಗ ಎರಡನ್ನೂ ಕೂಡಿಸಿ ನೋಡಬೇಕು. ಊರೂರನ್ನು ಹೋಲಿಸುವಾಗ ಅವಧಿಯೂ ಒಂದೇ ಆಗಿರಬೇಕು.

ಇದಕ್ಕೆ ಹೊಸ ಉಪಕರಣಗಳಿಗಾಗಿ ಕಾಯಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಮಾಹಿತಿ ರವಾನಿಸುತ್ತವೆ. ಗುಡ್ಡದ ತಪ್ಪಲಿನ ಪ್ರತಿ ಊರಿಗೂ ಅಪಾಯದ ಮಿತಿಯೊಂದನ್ನು ಗೊತ್ತುಪಡಿಸಿ, ಅದನ್ನು ಮೀರಿದ ಕೂಡಲೇ ಮನೆ ತೆರವಿಗೆ ಸೂಚಿಸುವ ಅಧಿಕಾರ ಸ್ಥಳೀಯ ಅಧಿಕಾರಿಗೆ ಇರಬೇಕು. 2024ರ ಜುಲೈನಲ್ಲಿ ನೆರೆಯ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದ ಬಳಿಕವಂತೂ ಇದಕ್ಕೆ ವಿಳಂಬ ಸಲ್ಲದು. ಮರುದಿನ ಬೆಳಿಗ್ಗೆ ಸಿದ್ಧವಾಗುವ ಪಟ್ಟಿ ದಾಖಲೆಗಷ್ಟೇ ಸಾಕು. ಜೀವ ಉಳಿಯಬೇಕಾದರೆ ರಾತ್ರಿಯೇ ಲೆಕ್ಕ ಹಾಕಬೇಕು.