ಕುದುರೆಯ ಬೆನ್ನು

ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ 1894ರಲ್ಲಿ ರೈಲುಮಾರ್ಗವಾಯಿತು. ಆದರೆ ರೈಲಿನಿಂದ ಇಳಿದವರನ್ನು ಮನೆಬಾಗಿಲಿಗೆ ಮುಟ್ಟಿಸುವ ಕೆಲಸ ಬಹುಕಾಲ ಜಟಕಾ ಕುದುರೆಯ ಪಾಲಿಗೇ ಉಳಿಯಿತು. ಗಾಡಿಯ ಭಾರವನ್ನೆಲ್ಲ ಚಕ್ರಗಳೇ ಹೊರುತ್ತವೆ, ಕುದುರೆ ಎಳೆದರೆ ಸಾಕು ಎಂದು ಭಾವಿಸುವವರುಂಟು. ಇದು ಪೂರ್ತಿ ನಿಜವಲ್ಲ. ಎರಡು ಚಕ್ರದ ಗಾಡಿಯಲ್ಲಿ ಜನರು ಮುಂದಕ್ಕೆ ಒತ್ತಿ ಕುಳಿತರೆ ಮೂಕಿಗಳ ಭಾರ ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಸರಿದರೆ ಮೂಕಿಗಳು ಮೇಲೆದ್ದು ಹೊಟ್ಟೆಪಟ್ಟಿ ಬಿಗಿಯುತ್ತದೆ. “ಕೊಂಚ ಮುಂದೆ ಬನ್ನಿ ಸ್ವಾಮಿ, ನೀವು ಹಿಂದೆ ಸರಿಯಿರಿ” ಎಂದು ಗಾಡಿಯವನು ಕೇಳುತ್ತಿದ್ದುದು ಇದಕ್ಕಾಗಿಯೇ. ಅದನ್ನು ಅಧಿಕಪ್ರಸಂಗವೆಂದು ಗೊಣಗಿದ ಪ್ರಯಾಣಿಕರೂ ಇಲ್ಲದಿರಲಿಲ್ಲ!

ಬೆನ್ನೆಲುಬಿನ ಮೇಲೆ ಮಾಂಸದ ಹೊದಿಕೆ ತೆಳುವಾದುದು. ಆದ್ದರಿಂದ ಜೀನಿನ ಮೆತ್ತೆಯು ಎಲುಬನ್ನು ಒತ್ತದೆ ಇಕ್ಕೆಲದ ಸ್ನಾಯುಗಳ ಮೇಲೆ ಕೂರಬೇಕು. ಬೆವರು ಹಿಡಿದು ಗಟ್ಟಿಯಾದ ಮೆತ್ತೆ ಚರ್ಮವನ್ನು ಉಜ್ಜಿ ಹುಣ್ಣುಮಾಡುತ್ತದೆ. ಹುಣ್ಣಿಗೆ ಮುಲಾಮು ಸವರಿ ಮರುದಿನವೇ ಗಾಡಿಗೆ ಕಟ್ಟುವುದು ಚಿಕಿತ್ಸೆಯಲ್ಲ. ಒತ್ತಡ ತಪ್ಪದೆ ಗಾಯ ಮಾಯದು. ಮೈಯುಜ್ಜುವಾಗ ಕುದುರೆ ಬೆನ್ನನ್ನು ತಗ್ಗಿಸಿ ಜಾರಿಕೊಂಡರೆ ಅದೇ ಅದರ ದೂರು. ದುಡಿಯುವ ಪ್ರಾಣಿಗಳಿಗೆ ದಿನಕ್ಕೆ 9 ಗಂಟೆ, ಬಿಡುವಿಲ್ಲದೆ 5 ಗಂಟೆ ಎಂಬ ಮಿತಿಯನ್ನು 1965ರ ಕೇಂದ್ರ ನಿಯಮಗಳು ವಿಧಿಸಿವೆ. ಮೆತ್ತೆಯ ಅಡಿಗೆ ಕೈಯಿಟ್ಟು ನೋಡಬೇಕಾದವನು ಮಾತ್ರ ಒಡೆಯನೇ.

ಜಟಕಾಗಳು ಈಗ ವಿರಳ. ಮದುವೆಯ ಮೆರವಣಿಗೆಗೆ ಕುದುರೆಯನ್ನು ಬಾಡಿಗೆಗೆ ತರುವವರು, ಜೀನು ಬಿಗಿಯುವ ಮುನ್ನ ಅದರ ಬೆನ್ನನ್ನು ಒಮ್ಮೆ ತೋರಿಸಲು ಕೇಳುವುದು ಉಚಿತ.